ಸಂಕದಲ್ಲಿ ಜಾರಿದ್ದು, ತೊಡೆಯ ಪಟ್ಟಿ ಭುಜಕ್ಕೆ ಬಂದಿದ್ದು

ಭುಜದ ಸ್ನಾಯುವಿನ ಹಗ್ಗ ಹರಿದು, ನನ್ನದೇ ತೊಡೆಯ ಪೊರೆಯನ್ನು ಅಲ್ಲಿ ಕಟ್ಟಿಸಿಕೊಂಡ ಕಥೆ ಇದು, ಇಂಥದ್ದೇ ಆದವರಿಗಾಗಿ ಬರೆದದ್ದು. 2024ರ ಜುಲೈ. ಶಿರಸಿ ಕಡೆ ಆ ವಾರ ಮಳೆ ಹನಿ ಕಡಿದಿರಲಿಲ್ಲ. ಅಡಕೆಯ ಕೊಳೆರೋಗಕ್ಕೆ ಮೊದಲ ಸಲ ಹೊಡೆಸಿದ ಔಷಧಿ ತೊಳೆದು ಹೋಯಿತೋ ಏನೋ, ಕಾಯಿ ಉದುರುತ್ತಿದೆಯಾ ನೋಡೋಣ ಅಂತ ತೋಟಕ್ಕೆ ಇಳಿದೆ. ಹಳ್ಳಕ್ಕೆ ಹಾಕಿದ ಅಡಕೆ ಮರದ ಸಂಕ ಪಾಚಿಗಟ್ಟಿತ್ತು. ದಿನಾ ದಾಟುವ ಜಾಗ, ಹಾಗಾಗಿ ನೋಡದೆ ಕಾಲಿಟ್ಟೆ. ಜಾರಿತು. ಬೀಳುವಾಗ ಬಲಗೈ ಚಾಚಿ ಪಕ್ಕದ ಮರ ಹಿಡಿದುಕೊಂಡೆ. ಮೈಭಾರವೆಲ್ಲ ಆ ಒಂದು ಕೈಗೆ ಜೋತುಬಿತ್ತು. ಭುಜದೊಳಗೆ ಹಳೇ ಪಂಚೆ ಹರಿದ ಹಾಗೆ ಏನೋ ಆಯಿತು. ಸದ್ದು ಕೇಳಿಸಿತೋ, ಒಳಗೇ ಗೊತ್ತಾಯಿತೋ, ಈಗಲೂ ಹೇಳಲಾರೆ.

ನನಗೆ ಆಗ 56. ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇದೆ. ಮರ ಹತ್ತಿ ಅಡಕೆ ಕೊನೆ ಇಳಿಸುವ ಕೊನೆಗೌಡರು ಸಿಗದ ಮೇಲೆ ಮೂರು ವರ್ಷದಿಂದ ಫೈಬರ್ ದೋಟಿ (ಕೊಯ್ಯುವ ಉದ್ದ ಕೋಲು) ಹಿಡಿದು ನಾನೇ ಕೊನೆ ಕೊಯ್ಯುತ್ತಿದ್ದೆ. ದಿನವಿಡೀ ಕತ್ತು, ಕೈ ಎರಡೂ ಮೇಲೆ. ಸಂಜೆ ಭುಜ ನೋಯುತ್ತಿತ್ತು, ಬೆಳಿಗ್ಗೆ ಹೋಗುತ್ತಿತ್ತು. ಆ ನೋವನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಡಾಕ್ಟರು ಆಮೇಲೆ ಹೇಳಿದ್ದು ಇಷ್ಟು: ಭುಜದೊಳಗಿನ ಸ್ನಾಯುವಿನ ಹಗ್ಗ ಮೊದಲೇ ಸವೆದಿತ್ತು, ಸಂಕದ ದಿನ ತುಂಡಾಯಿತು.

ಬಿದ್ದ ಮೇಲೆ ಮೂರು ವಾರ ಎಣ್ಣೆ, ಬಿಸಿನೀರು, ಉಳುಕು ತೆಗೆಯುವವರ ಮನೆ. ನೋವು ಸ್ವಲ್ಪ ಇಳಿಯಿತು, ಕೈ ಮಾತ್ರ ಏಳಲಿಲ್ಲ. ಇಲ್ಲೊಂದು ವಿಷಯವನ್ನು ಗಮನವಿಟ್ಟು ಓದಿ. ಬಲಗೈಯನ್ನು ಅದರಷ್ಟಕ್ಕೆ ಎತ್ತಲು ಹೋದರೆ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಅದೇ ಕೈಯನ್ನು ಎಡಗೈಯಿಂದ ಹಿಡಿದು ಎತ್ತಿದರೆ ತಲೆಯ ಮೇಲಿನವರೆಗೂ ಆರಾಮಾಗಿ ಹೋಗುತ್ತಿತ್ತು. ಬಿಟ್ಟ ತಕ್ಷಣ ಧಪ್ ಅಂತ ಬೀಳುತ್ತಿತ್ತು. ಹೆಂಡತಿ ಇದನ್ನು ನೋಡಿ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಅಷ್ಟು ಹೊತ್ತಿಗೆ ಉತ್ತರ ನಮ್ಮ ಕಣ್ಣೆದುರೇ ಇತ್ತು.

ಮೊದಲು ತೋರಿಸಿದ ಡಾಕ್ಟರು ‘ಫ್ರೋಜನ್ ಶೋಲ್ಡರ್’ ಅಂದರು. ಅವರನ್ನು ಬೈಯುವ ಹಾಗಿಲ್ಲ. ಸಕ್ಕರೆ ಇರುವವರಿಗೆ ಅದು ಜಾಸ್ತಿ. ನಾನೂ ಬಿದ್ದ ಕಥೆಯನ್ನು ಸರಿಯಾಗಿ ಹೇಳಿರಲಿಲ್ಲ, ಸುಮ್ನೆ ‘ಕೈ ಏಳೋದಿಲ್ಲ’ ಅಂದಿದ್ದೆ. ಆದರೆ ಫ್ರೋಜನ್ ಶೋಲ್ಡರ್‌ನಲ್ಲಿ ಬೇರೆಯವರು ಹಿಡಿದೆತ್ತಿದರೂ ಕೈ ಏಳುವುದಿಲ್ಲ, ಕೀಲೇ ಬಿಗಿದಿರುತ್ತದೆ. ನನ್ನ ಕೀಲು ಬಿಗಿದಿರಲಿಲ್ಲ, ಎಳೆಯುವ ಹಗ್ಗ ಇರಲಿಲ್ಲ. ಭುಜಕ್ಕೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಆಯಿತು. ಹತ್ತು ದಿನ ನಿದ್ದೆ ಬಂತು, ಸಕ್ಕರೆ 340ಕ್ಕೆ ಹಾರಿತು. ವ್ಯಾಯಾಮ ಮಾಡಿ ಅಂದರು, ಮಾಡಿದೆ. ಹೀಗೆ ಸೆಪ್ಟೆಂಬರ್, ಅಕ್ಟೋಬರ್ ಎರಡೂ ಕಳೆದವು.

ರಾತ್ರಿಯ ನೋವು ಅನುಭವಿಸಿದವರಿಗೇ ಗೊತ್ತು. ಹಗಲು ಹೇಗೋ ಆಗುತ್ತದೆ. ಮಲಗಿ ಒಂದು ಗಂಟೆಯಾದ ಮೇಲೆ ಹಲ್ಲುನೋವು ಭುಜಕ್ಕೆ ಬಂದ ಹಾಗೆ ಶುರುವಾಗುತ್ತದೆ. ಆ ಮಗ್ಗುಲಿಗೆ ತಿರುಗುವ ಹಾಗಿಲ್ಲ. ಎದ್ದು ಜಗಲಿಯಲ್ಲಿ ಕೂತು ಬೆಳಗು ಮಾಡಿದ ದಿನಗಳು ಎಷ್ಟೋ.

ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗ ಹಬ್ಬ ಮುಗಿಸಿ ಹಿಂದೆ ಹೋಗುವಾಗ ನನ್ನನ್ನೂ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಅಲ್ಲಿನ ಮೂಳೆ ಡಾಕ್ಟರು ಐದು ನಿಮಿಷ ಕೈ ತಿರುವಿ ನೋಡಿ ಎಕ್ಸ್‌ರೇ, ಎಂಆರ್‌ಐ ಬರೆದರು. ಎಕ್ಸ್‌ರೇಯಲ್ಲಿ ಸ್ನಾಯುವಿನ ಹಗ್ಗ ಕಾಣುವುದಿಲ್ಲ, ಮೂಳೆ ಮಾತ್ರ ಕಾಣುತ್ತದೆ. ಆದರೂ ಒಂದು ಸುಳಿವು ಸಿಕ್ಕಿತು. ತೋಳಿನ ಮೂಳೆಯ ಗುಂಡು ಮೇಲಕ್ಕೆ ಏರಿ ಭುಜದ ಚಾವಣಿ ಮೂಳೆಗೆ ಹತ್ತಿರವಾಗಿತ್ತು. ಆ ಸಂದು ಸಾಮಾನ್ಯವಾಗಿ 7 ಮಿಲಿಮೀಟರಿಗಿಂತ ಹೆಚ್ಚಿರಬೇಕು, ನನ್ನದು 5. ಎಂಆರ್‌ಐಗೆ 7,500 ರೂಪಾಯಿ, ಅರ್ಧ ಗಂಟೆ. ಕೊಳವೆಯೊಳಗೆ ಕೈ ಅಲ್ಲಾಡಿಸದೆ ಮಲಗುವುದು ಭುಜದ ನೋವಿನವರಿಗೆ ಶಿಕ್ಷೆ. ಹೋಗುವ ಮುಂಚೆ ನೋವಿನ ಮಾತ್ರೆ ತೆಗೆದುಕೊಳ್ಳಬಹುದಾ ಅಂತ ಕೇಳಿ. ನಾನು ಕೇಳಲಿಲ್ಲ, ಮಧ್ಯೆ ಅಲ್ಲಾಡಿಸಿ ಎರಡು ಸಲ ಮತ್ತೆ ತೆಗೆಸಿಕೊಂಡೆ.

ರಿಪೋರ್ಟಿನಲ್ಲಿ ಮೂರು ಮಾತು ಇದ್ದವು, ಎಲ್ಲವೂ ಈ ಮೂರರ ಮೇಲೇ ನಿಂತಿವೆ. ಒಂದು, ‘ಮ್ಯಾಸಿವ್ ಟೇರ್’, ಅಂದರೆ ದೊಡ್ಡ ಹರಕು. ರೋಟೇಟರ್ ಕಫ್ ಅಂದರೆ ಭುಜದ ಗುಂಡನ್ನು ಸುತ್ತ ಹಿಡಿದಿರುವ ನಾಲ್ಕು ಸ್ನಾಯುಗಳ ಹಗ್ಗ. ನನ್ನಲ್ಲಿ ಮೇಲಿನದಾದ ಸುಪ್ರಾಸ್ಪೈನೇಟಸ್ ಪೂರ್ತಿ, ಹಿಂದಿನ ಇನ್‌ಫ್ರಾಸ್ಪೈನೇಟಸ್ ಅರ್ಧಕ್ಕಿಂತ ಜಾಸ್ತಿ ಹರಿದಿತ್ತು. ಎರಡು, ‘ರಿಟ್ರ್ಯಾಕ್ಷನ್’. ಹರಿದ ತುದಿ ಹಿಂದಕ್ಕೆ ಸರಿದು, ಗುಂಡು ಕೂರುವ ಭುಜದ ಬಟ್ಟಲಿನ ಅಂಚಿನವರೆಗೆ ಹೋಗಿತ್ತು. ಎಳೆದುಬಿಟ್ಟ ರಬ್ಬರ್ ಇದ್ದ ಹಾಗೆ. ಮೂರು, ‘ಗುಟಾಲಿಯೇ ಗ್ರೇಡ್ 3’. ಕೆಲಸವಿಲ್ಲದ ಸ್ನಾಯುವಿನೊಳಗೆ ಕೊಬ್ಬು ತುಂಬುತ್ತದೆ. ಅದನ್ನು ಅಳೆಯುವ ಲೆಕ್ಕ ಇದು, ಸೊನ್ನೆಯಿಂದ 4ರವರೆಗೆ. 3 ಅಂದರೆ ಸ್ನಾಯು ಎಷ್ಟಿದೆಯೋ ಕೊಬ್ಬೂ ಅಷ್ಟೇ. 4 ಅಂದರೆ ಕೊಬ್ಬೇ ಜಾಸ್ತಿ.

‘ಬಿದ್ದ ಒಂದು ತಿಂಗಳೊಳಗೆ ಬಂದಿದ್ದರೆ ಎಳೆದು ಹೊಲಿಯಲು ನೋಡಬಹುದಿತ್ತು’ ಅಂದರು ಹುಬ್ಬಳ್ಳಿಯವರು. ‘ಈಗ ಎಳೆದರೂ ಬರೋದು ಅನುಮಾನ. ಬಂದರೂ ಕೊಬ್ಬಾದ ಸ್ನಾಯು ತಿರುಗಿ ಮಾಂಸ ಆಗೋದಿಲ್ಲ.’ ಆ ಮಾತಿಗೆ ಹೊಟ್ಟೆಯೊಳಗೆ ಚುರ್ ಅಂದಿತು. ಎಣ್ಣೆ ತಿಕ್ಕಿಸಿಕೊಂಡ ಮೂರು ವಾರ, ವ್ಯಾಯಾಮದ ಎರಡು ತಿಂಗಳು ಎಲ್ಲ ನೆನಪಾಯಿತು. ಕೀಲು ಸವೆದಿಲ್ಲ, ಮುಂದಿನ ಸಬ್‌ಸ್ಕ್ಯಾಪುಲಾರಿಸ್ ಗಟ್ಟಿ ಇದೆ, ಅದು ನಿಮ್ಮ ಅದೃಷ್ಟ ಅಂತಲೂ ಅವರೇ ಹೇಳಿದರು. ಗ್ರಾಫ್ಟ್, ಅಂದರೆ ಬೇರೆ ಕಡೆಯಿಂದ ತಂದ ಅಂಗಾಂಶ, ಹಾಕುವ ಕೆಲಸವನ್ನು ದಿನಾ ಮಾಡುವವರ ಹತ್ತಿರ ಹೋಗಿ ಅಂತ ಬೆಂಗಳೂರಿಗೆ ಬರೆದುಕೊಟ್ಟರು.

ಬೆಂಗಳೂರಿನ ಭುಜದ ಸರ್ಜನ್ ಹತ್ತಿರ ಸರದಿ ಸಿಗಲು 12 ದಿನ. ಮಗನ ಮನೆಯಲ್ಲಿ ಕೂತು ಇಬ್ಬರೂ ಓದಿದ್ದೇ ಓದಿದ್ದು. ಹೋದ ದಿನ ಮೂರು ಗಂಟೆ ಕಾದು ಇಪ್ಪತ್ತು ನಿಮಿಷ ಸಿಕ್ಕಿತು. ಆ ಇಪ್ಪತ್ತು ನಿಮಿಷ ಮಾತ್ರ ಚೆನ್ನಾಗಿತ್ತು. ಅವರು ಮೊದಲು ಮಾಡಿದ ಪರೀಕ್ಷೆ ಇದು: ಮೊಣಕೈಯನ್ನು ಪಕ್ಕೆಗೆ ಒತ್ತಿ, ಮುಂಗೈಯನ್ನು ಹೊರಗೆ ತಿರುಗಿಸಿ ಬಿಟ್ಟರು. ನನ್ನ ಕೈ ಸ್ವಲ್ಪ ಒಳಗೆ ಜಾರಿ ನಿಂತಿತು, ಪೂರ್ತಿ ಬೀಳಲಿಲ್ಲ. ಪೂರ್ತಿ ಬಿದ್ದಿದ್ದರೆ ದಾರಿಯೇ ಬೇರೆ ಆಗುತ್ತಿತ್ತಂತೆ.

ನನ್ನ ಮುಂದೆ ಅವರು ಇಟ್ಟ ದಾರಿಗಳು ಐದಾರು. ಆಪರೇಶನ್ ಇಲ್ಲದೆ, ಹೊರಗಿನ ಡೆಲ್ಟಾಯ್ಡ್ ಸ್ನಾಯುವನ್ನೇ ಫಿಸಿಯೋಥೆರಪಿಯಿಂದ ಪಳಗಿಸುವುದು. ವಯಸ್ಸಾದ, ಹೊರಗಿನ ಕೆಲಸ ಕಡಿಮೆ ಇರುವ ಎಷ್ಟೋ ಜನಕ್ಕೆ ಇಷ್ಟೇ ಸಾಕಾಗುತ್ತದಂತೆ. ಎರಡನೆಯದು, ಒಳಗೆ ಶುಚಿ ಮಾಡಿ, ಬಂದಷ್ಟು ಹೊಲಿದು ಬಿಡುವುದು. ನೋವು ಇಳಿಯಬಹುದು, ಬಲ ಬರುವುದು ಕಡಿಮೆ. ಬಲೂನಿನ ವಿಷಯ ನಾವೇ ಕೇಳಿದೆವು. ಗುಂಡಿನ ಮೇಲೆ ನೀರು ತುಂಬಿದ ಬಲೂನ್ ಇಡುತ್ತಾರೆ, ಅದು ತಿಂಗಳುಗಳಲ್ಲಿ ಕರಗುತ್ತದೆ. ಅವರು ಅದರ ಪರವಾಗಿರಲಿಲ್ಲ. 2022ರಲ್ಲಿ ಬಂದ ಬ್ರಿಟನ್ನಿನ ಪರೀಕ್ಷೆಯಲ್ಲಿ ಬಲೂನ್ ಹಾಕಿಸಿಕೊಂಡವರಿಗಿಂತ ಬರೀ ಶುಚಿ ಮಾಡಿಸಿಕೊಂಡವರೇ ಚೆನ್ನಾಗಿದ್ದರು ಅಂದರು. ಇನ್ನೊಂದು ರಿವರ್ಸ್ ಶೋಲ್ಡರ್. 1980ರ ದಶಕದಲ್ಲಿ ಫ್ರಾನ್ಸಿನ ಪಾಲ್ ಗ್ರಾಮಾಂ ರೂಪಿಸಿದ ಕೃತಕ ಕೀಲು ಅದು. ಬಟ್ಟಲು ಇದ್ದಲ್ಲಿ ಗುಂಡು, ಗುಂಡು ಇದ್ದಲ್ಲಿ ಬಟ್ಟಲು. ‘ನಿಮಗೆ 70 ಆಗಿದ್ದರೆ, ಕೀಲು ಸವೆದಿದ್ದರೆ ಎರಡನೇ ಮಾತಿಲ್ಲದೆ ಅದೇ ಹೇಳ್ತಿದ್ದೆ. 56ಕ್ಕೆ ಬೇಡ. ತೋಟದ ಕೆಲಸ ಮಾಡೋ ಕೈ ಅದನ್ನು ಬೇಗ ಸವೆಸುತ್ತೆ.’

ಉಳಿದಿದ್ದು ಎರಡು, ಎರಡರಲ್ಲೂ ಬೇರೆ ಕಡೆಯಿಂದ ತಂದ ಅಂಗಾಂಶ ಬೇಕು. ಒಂದು ಟೆಂಡನ್ ಟ್ರಾನ್ಸ್‌ಫರ್. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗ. ಬೆನ್ನಿನ ಒಂದು ಸ್ನಾಯುವನ್ನು ಬಿಡಿಸಿ ತಂದು ಭುಜಕ್ಕೆ ಕಟ್ಟುವುದು. ಬೆನ್ನಿನ ಲಾಟಿಸಿಮಸ್ ಆದರೆ ನೇರ ತಲುಪುತ್ತದೆ. ಟ್ರಪೀಜಿಯಸ್‌ನ ಕೆಳಭಾಗ ಆದರೆ ಉದ್ದ ಸಾಲುವುದಿಲ್ಲ, ಮಧ್ಯೆ ದಾನಿಯ ಹಿಮ್ಮಡಿ ಟೆಂಡನ್ನೋ ನಮ್ಮದೇ ತೊಡೆಯ ಹಿಂದಿನ ಟೆಂಡನ್ನೋ ಸೇರಿಸಿ ಉದ್ದ ಮಾಡುತ್ತಾರೆ. ಕೈ ಹೊರಗೆ ತಿರುಗಿಸಲು ಆಗದೇ ಇದ್ದವರಿಗೆ, ಅಂದರೆ ಆ ಪರೀಕ್ಷೆಯಲ್ಲಿ ಕೈ ಪೂರ್ತಿ ಬಿದ್ದವರಿಗೆ ಇದು ಒಳ್ಳೆಯದು.

ಇನ್ನೊಂದು ನಾನು ಮಾಡಿಸಿಕೊಂಡಿದ್ದು: ಸುಪೀರಿಯರ್ ಕ್ಯಾಪ್ಸ್ಯುಲರ್ ರಿಕನ್‌ಸ್ಟ್ರಕ್ಷನ್, ಎಲ್ಲರೂ ಎಸ್‌ಸಿಆರ್ ಅಂತಾರೆ. ಇದರಲ್ಲಿ ಹರಿದ ಸ್ನಾಯುವಿಗೆ ತೇಪೆ ಹಾಕುವುದಿಲ್ಲ. ನಾನು ಮೊದಲು ಹಾಗೇ ತಿಳಿದಿದ್ದೆ. ಬಟ್ಟಲಿನ ಮೇಲಂಚಿನಿಂದ ಗುಂಡಿನ ಮೇಲಕ್ಕೆ ಒಂದು ದಪ್ಪ ಪಟ್ಟಿಯನ್ನು ಬಿಗಿಯಾಗಿ ಕಟ್ಟುತ್ತಾರೆ. ಗುಂಡು ಮೇಲೆದ್ದು ಚಾವಣಿಗೆ ಗುದ್ದದ ಹಾಗೆ ಅದು ಹಿಡಿದಿಡುತ್ತದೆ. ಗುಂಡು ಜಾಗದಲ್ಲಿ ನಿಂತರೆ ಹೊರಗಿನ ಡೆಲ್ಟಾಯ್ಡ್ ಕೈ ಎತ್ತುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬುಡ ಸಡಿಲಾದ ಚಪ್ಪರದ ಕಂಬಕ್ಕೆ ಹಗ್ಗ ಬಿಗಿದ ಹಾಗೆ. ಸತ್ತ ಸ್ನಾಯುವಂತೂ ಬದುಕುವುದಿಲ್ಲ.

ಪಟ್ಟಿ ಎಲ್ಲಿಂದ? ಎರಡು ಆಯ್ಕೆ ಕೊಟ್ಟರು. ದಾನಿಯ ಚರ್ಮವನ್ನು ಜೀವಕೋಶ ತೆಗೆದು ಸಂಸ್ಕರಿಸಿ ಮಾಡಿದ ಹಾಳೆ, ಸುಮಾರು 3 ಮಿಲಿಮೀಟರ್ ದಪ್ಪ. ತೊಡೆಗೆ ಗಾಯ ಇಲ್ಲ, ಆಪರೇಶನ್ ಬೇಗ ಮುಗಿಯುತ್ತದೆ. ಆದರೆ ಬೇರೆ ದೇಶದಿಂದ ತರಿಸಬೇಕು, ಅದೊಂದಕ್ಕೇ ಲಕ್ಷದ ಮೇಲೆ ಅಂದರು, ಬರುವ ದಿನ ಖಾತ್ರಿ ಇಲ್ಲ. ಇನ್ನೊಂದು ನಮ್ಮದೇ ತೊಡೆಯ ಹೊರಬದಿಯ ಫೇಶಿಯಾ ಲಾಟಾ ಅನ್ನುವ ಗಟ್ಟಿ ಪೊರೆ. ಅದನ್ನು ಮಡಿಸಿ ಮಡಿಸಿ 6ರಿಂದ 8 ಮಿಲಿಮೀಟರ್ ದಪ್ಪ ಮಾಡುತ್ತಾರೆ. ಈ ವಿಧಾನ ಶುರು ಮಾಡಿದ ಜಪಾನಿನ ತೆರುಹಿಸಾ ಮಿಹಾತಾ ತೊಡೆಯ ಪೊರೆಯನ್ನೇ ಬಳಸಿದ್ದು. 2013ರಲ್ಲಿ ಅವರು 24 ಭುಜಗಳ ಫಲಿತಾಂಶ ಬರೆದಿದ್ದರು: ಕೈ ಏಳುವುದು ಸರಾಸರಿ 84 ಡಿಗ್ರಿಯಿಂದ 148ಕ್ಕೆ, ಗುಂಡಿನ ಮೇಲಿನ ಸಂದು 4.6 ಮಿಲಿಮೀಟರಿನಿಂದ 8.7ಕ್ಕೆ. ಮಗ ಇದನ್ನು ಫೋನಿನಲ್ಲಿ ತೋರಿಸಿದಾಗ ಸರ್ಜನ್ ನಕ್ಕರು. ‘ಅದು ಆ ವಿಧಾನ ಕಂಡುಹಿಡಿದವರ ಕೈ. ಎಲ್ಲರಿಗೂ ಅಷ್ಟು ಬರೋದಿಲ್ಲ. ಪಟ್ಟಿ ಮತ್ತೆ ಹರಿಯೋ ಸಾಧ್ಯತೆನೂ ಇದೆ. ನಾನು ನಿಮಗೆ ರಾತ್ರಿ ನಿದ್ದೆ ಕೊಡ್ತೀನಿ, ಅಂಗಿ ಹಾಕಿಕೊಳ್ಳೋ ಕೈ ಕೊಡ್ತೀನಿ. ದೋಟಿ ಹಿಡಿಯೋ ಕೈ ಕೊಡ್ತೀನಿ ಅಂತ ಮಾತ್ರ ಹೇಳಲ್ಲ.’

ಈ ಮಾತು ಕೇಳಿಯೇ ನಾನು ಅವರ ಹತ್ತಿರ ಮಾಡಿಸಿಕೊಳ್ಳುವುದು ಅಂತ ತೀರ್ಮಾನಿಸಿದ್ದು. ಅದಕ್ಕೆ ಮುಂಚೆ ನೋಡಿದ ಇನ್ನೊಬ್ಬರು ‘ಹೊಸ ಭುಜ ಆಗುತ್ತೆ’ ಅಂದಿದ್ದರು.

ತಕ್ಷಣ ಆಪರೇಶನ್ ಆಗಲಿಲ್ಲ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.9 ಬಂತು. 8ರ ಕೆಳಗೆ ಬರದೆ ಮುಟ್ಟುವುದಿಲ್ಲ, ಸೋಂಕಾದರೆ ಪಟ್ಟಿ ಹೋಯಿತು ಅಂದರು. ಏಳು ವಾರ ಅನ್ನ ಒಂದು ಹೊತ್ತಿಗೆ ಇಳಿಸಿ, ಮಾತ್ರೆ ಏರಿಸಿ, ತೋಟದಲ್ಲಿ ಸುಮ್ನೆ ಸುತ್ತಿ 7.7ಕ್ಕೆ ತಂದೆ. ಅಷ್ಟರಲ್ಲಿ ಕೊಯ್ಲು ಶುರುವಾಗಿತ್ತು. ಅಂಗಳದಲ್ಲಿ ಒಲೆ ಉರಿಯುತ್ತಿದೆ, ಅಡಕೆ ಸುಲಿಯುವವರು ಕೂತಿದ್ದಾರೆ, ಮನೆ ಯಜಮಾನ ಕೈ ಕಟ್ಟಿಕೊಂಡು ನೋಡುತ್ತಿದ್ದಾನೆ. ನನ್ನ ಸಲಹೆ ಇಷ್ಟೇ: ಸಕ್ಕರೆ ಇದ್ದವರು ಎಂಆರ್‌ಐ ಮಾಡಿಸಿದ ದಿನವೇ ಈ ರಕ್ತಪರೀಕ್ಷೆಯನ್ನೂ ಮಾಡಿಸಿಬಿಡಿ. ಆ ಏಳು ವಾರದಲ್ಲಿ ಸರದಿ ಕಾಯುವಷ್ಟು ದಿನವಾದರೂ ಉಳಿಯುತ್ತದೆ.

ಇನ್ನು ಇನ್ಶೂರೆನ್ಸ್. ಮಗನ ಕಂಪನಿಯ ಪಾಲಿಸಿಯಲ್ಲಿ ನಾವಿಬ್ಬರೂ ಇದ್ದೆವು, ಆ ವರ್ಷದ ಏಪ್ರಿಲ್‌ನಲ್ಲೇ ಸೇರಿಸಿದ್ದು. ಹಳೆಯ ಕಾಯಿಲೆಗೆ ಕಾಯುವ ಅವಧಿ ಇದೆ, ಅಪಘಾತಕ್ಕೆ ಇಲ್ಲ. ಹಾಗಾಗಿ ನನ್ನದು ಬಿದ್ದು ಆದದ್ದು ಅಂತ ಕಾಗದದಲ್ಲಿ ಇರಬೇಕಾಯಿತು. ಆಸ್ಪತ್ರೆ ಕ್ಯಾಶ್‌ಲೆಸ್ ಅರ್ಜಿ ಕಳಿಸಿದ ದಿನವೇ ಪ್ರಶ್ನೆ ಬಂತು: ‘ರೋಗಿಗೆ 2012ರಿಂದ ಭುಜದ ನೋವು ಇರುವುದು ಕಂಡುಬರುತ್ತದೆ, ವಿವರಿಸಿ.’

2012 ಎಲ್ಲಿಂದ ಬಂತು? ಎಲ್ಲ ಚೀಟಿ ಹರಡಿಕೊಂಡು ಕೂತೆವು. ಮೊದಲ ಡಾಕ್ಟರ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ‘ಭುಜದ ನೋವು 2/12’ ಅಂತ ಇತ್ತು. ಡಾಕ್ಟರುಗಳ ಚುಟುಕು ಬರಹದಲ್ಲಿ 2/12 ಅಂದರೆ ಎರಡು ತಿಂಗಳು, 2/52 ಅಂದರೆ ಎರಡು ವಾರ. ಇನ್ಶೂರೆನ್ಸ್‌ನವರಲ್ಲಿ ಯಾರೋ ಅದನ್ನು ಇಸವಿ ಅಂತ ಓದಿದ್ದರು. ನಗುವುದಾ ಅಳುವುದಾ? ಭಾವ ಬೈಕಿನಲ್ಲಿ ಹೋಗಿ ಆ ಡಾಕ್ಟರ ಹತ್ತಿರ ‘ಎರಡು ತಿಂಗಳಿಂದ ನೋವು, ತೋಟದಲ್ಲಿ ಜಾರಿದ ನಂತರ’ ಅಂತ ಸಹಿ, ಸೀಲು ಹಾಕಿಸಿ ಫೋಟೋ ಕಳಿಸಿದ. ಅವರು ಆ ದಿನ ಊರಲ್ಲಿ ಇದ್ದದ್ದೇ ಪುಣ್ಯ. ಮೂರು ದಿನ ಹೋಯಿತು, ಆಪರೇಶನ್ ದಿನ ಮುಂದೆ ಹೋಯಿತು. ದಯವಿಟ್ಟು ಮೊದಲ ದಿನವೇ ಡಾಕ್ಟರಿಗೆ ಯಾವಾಗ, ಹೇಗೆ ಬಿದ್ದಿರಿ ಹೇಳಿ, ಅದನ್ನು ಚೀಟಿಯಲ್ಲಿ ಪೂರ್ತಿ ಅಕ್ಷರದಲ್ಲಿ ಬರೆಸಿಕೊಳ್ಳಿ. ಮನೆ ತೋಟದಲ್ಲಿ ಬಿದ್ದವರ ಹತ್ತಿರ ಪೊಲೀಸ್ ಕಾಗದ ಇರುವುದಿಲ್ಲ, ಆ ಮೊದಲ ಚೀಟಿಯೇ ಸಾಕ್ಷಿ.

ಆಪರೇಶನ್‌ಗೆ ಮೂರು ದಿನ ಮುಂಚಿನಿಂದ ಭುಜಕ್ಕೆ, ಕಂಕುಳಿಗೆ ಹಚ್ಚಲು ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ ಬರೆದಿದ್ದರು. ಮೊಡವೆಯ ಔಷಧಿ ಅದು. ಭುಜದ ಚರ್ಮದೊಳಗೆ ಇರುವ, ಮೊಡವೆಗೆ ಕಾರಣವಾಗುವ ರೋಗಾಣುವೇ ಭುಜದ ಆಪರೇಶನ್ನಿನಲ್ಲಿ ಸೋಂಕು ತರುತ್ತದಂತೆ. ಮೆಡಿಕಲ್ ಶಾಪಿನ ಹುಡುಗ ‘ಮಗಳಿಗಾ ಅಂಕಲ್?’ ಅಂದ. ನನಗೇ ಅಂದೆ. ಇನ್ನೊಂದು ಮಾತು, ಅದು ಬಟ್ಟೆಯ ಬಣ್ಣ ತಿನ್ನುತ್ತದೆ. ಸೊಸೆ ಕೊಟ್ಟ ಹೊಸ ನೀಲಿ ಟವೆಲ್ ಮೇಲೆ ಇವತ್ತಿಗೂ ಬಿಳಿ ನಕ್ಷೆ ಇದೆ. ಹಳೇ ಬನಿಯನ್ ಹಾಕಿಕೊಂಡು ಹಚ್ಚಿ.

2025ರ ಜನವರಿ ಕೊನೆಗೆ ದಾಖಲಾದೆ. ಒಪ್ಪಿಗೆ ಪತ್ರದಲ್ಲಿ ಭುಜ ಮಾತ್ರ ಬರೆದಿದ್ದರು, ತೊಡೆ ಬರೆದಿರಲಿಲ್ಲ. ಕೇಳಿದ ಮೇಲೆ ಸೇರಿಸಿದರು. ಭುಜಕ್ಕೂ ತೊಡೆಗೂ ಪೆನ್ನಿನಲ್ಲಿ ಬಾಣದ ಗುರುತು ಹಾಕಿದರು. ಆಮೇಲೆ ಬಂದದ್ದು ಬೆಳ್ಳಿ ಉಡಿದಾರದ ಪ್ರಶ್ನೆ. ಒಳಗೆ ಕರೆಂಟಿನಲ್ಲಿ ರಕ್ತ ನಿಲ್ಲಿಸುವ ಸಾಧನ ಬಳಸುತ್ತಾರೆ, ಮೈಮೇಲೆ ಲೋಹ ಇರಬಾರದು. ನನ್ನ ಉಡಿದಾರದ ಕೊಂಡಿ ಮದುವೆಯಾದಾಗಿನಿಂದ ಬಿಚ್ಚಿದ್ದಲ್ಲ, ಬಿಚ್ಚಲು ಬರಲೇ ಇಲ್ಲ. ವಾರ್ಡ್ ಬಾಯ್ ಎಲ್ಲಿಂದಲೋ ಇಕ್ಕಳ ತಂದು ಕಟ್ ಮಾಡಿದ. ಅಷ್ಟು ಹೊತ್ತು ಧೈರ್ಯವಾಗಿದ್ದ ಹೆಂಡತಿ ಆ ಟಕ್ ಸದ್ದಿಗೆ ಅತ್ತುಬಿಟ್ಟಳು. ಊರಲ್ಲೇ ಅಕ್ಕಸಾಲಿಗರ ಹತ್ತಿರ ಬಿಚ್ಚಿಸಿಕೊಂಡು ಹೋಗಿ.

ಅರಿವಳಿಕೆ ಎರಡು ಬಗೆ ಕೊಟ್ಟರು. ಪೂರ್ತಿ ಮಂಪರಿಗೆ ಒಂದು, ಅದಕ್ಕೆ ಮುಂಚೆ ಕುತ್ತಿಗೆಯ ಪಕ್ಕದಲ್ಲಿ ನರಕ್ಕೆ ಇನ್ನೊಂದು. ಎರಡನೆಯದಕ್ಕೆ ‘ಬ್ಲಾಕ್’ ಅಂತಾರೆ. ಕೈ ಬೆಚ್ಚಗಾಗಿ, ಆಮೇಲೆ ಮರದ ಕೊರಡಾಯಿತು. ಎಚ್ಚರವಾದಾಗ ಬಲಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು, ಧ್ವನಿ ಒಡೆದಿತ್ತು, ಉಸಿರು ಪೂರ್ತಿ ಎಳೆದುಕೊಳ್ಳಲು ಆಗದ ಹಾಗೆ ಅನಿಸಿತು. ಪಾರ್ಶ್ವವಾಯು ಹೊಡೆಯಿತು ಅಂತಲೇ ತಿಳಿದೆ. ಹೆಂಡತಿಗೆ ಹೇಳಲು ಹೋದರೆ ಗೊಗ್ಗರು ದನಿ ಬಂತು. ನರ್ಸ್ ಆರಾಮಾಗಿ ‘ಬ್ಲಾಕ್ ಇಳಿದ ಮೇಲೆ ಹೋಗುತ್ತೆ ಸರ್’ ಅಂದರು. ಮರುದಿನ ಹೋಯಿತು. ಇದನ್ನು ಮೊದಲೇ ಯಾರಾದರೂ ಹೇಳಿದ್ದರೆ ಆ ಗಂಟೆ ಅಷ್ಟು ಹೆದರುತ್ತಿರಲಿಲ್ಲ.

ಒಳಗೆ ಮೂರೂವರೆ ಗಂಟೆ ಆಗಿತ್ತಂತೆ. ಭುಜಕ್ಕೆ ಐದು ಸಣ್ಣ ತೂತು, ತೊಡೆಗೆ ಒಂದು ಉದ್ದನೆ ಗೀರು. ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಶನ್ನಿನಲ್ಲಿ ನೀರು ಹಾಯಿಸುತ್ತಾರೆ, ಅದಕ್ಕೆ ಭುಜ ಕುಂಬಳಕಾಯಿ ಆಗಿತ್ತು. ಎರಡು ದಿನದಲ್ಲಿ ಇಳಿಯಿತು. ಇನ್‌ಫ್ರಾಸ್ಪೈನೇಟಸ್ ಎಳೆದಷ್ಟು ಬಂದಿತ್ತು, ಅದನ್ನು ಪಟ್ಟಿಯ ಹಿಂದಂಚಿಗೆ ಸೇರಿಸಿ ಹೊಲಿದರಂತೆ.

ರಾತ್ರಿ ಎರಡಕ್ಕೆ ಬ್ಲಾಕ್ ಇಳಿಯಿತು. ಅದುವರೆಗೆ ‘ನೋವೇ ಇಲ್ಲ’ ಅಂತ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದೆ. ಕೊಟ್ಟ ಮಾತ್ರೆಯನ್ನು ‘ನೋವಿಲ್ಲವಲ್ಲ, ಬೇಡ’ ಅಂತ ಮಲಗುವಾಗ ಬಿಟ್ಟಿದ್ದೆ. ಇಂಥ ಪೆದ್ದುತನ ನೀವು ಮಾಡಬೇಡಿ. ಕೈ ಜುಂ ಅನ್ನಲು ಶುರುವಾಗುವ ಮುಂಚೆಯೇ ಮಾತ್ರೆ ಹೊಟ್ಟೆಯಲ್ಲಿ ಇರಬೇಕು.

ಬಿಲ್ಲಿನ ವಿಷಯಕ್ಕೆ ಬರುತ್ತೇನೆ. ಒಟ್ಟು 3,72,000 ರೂಪಾಯಿ. ಕೈಗವಸು, ಹತ್ತಿ, ಭುಜದ ಸ್ಲಿಂಗ್ ಮುಂತಾಗಿ ಪಾಲಿಸಿ ಕೊಡದ ಬಾಬ್ತು 24,000. ಉಳಿದದ್ದರಲ್ಲಿ ತಂದೆತಾಯಿಯ ಲೆಕ್ಕಕ್ಕೆ ಶೇ. 20 ನಾವೇ ಕೊಡಬೇಕು, ಅದು 69,600. ಕೈಯಿಂದ ಹೋದದ್ದು 93,600. ಎಂಆರ್‌ಐ, ಓಡಾಟ, ಫಿಸಿಯೋ ಬೇರೆ. ಬಿಲ್ಲಿನಲ್ಲಿ ದೊಡ್ಡ ತುತ್ತು ಆಂಕರ್‌ಗಳದ್ದು. ಮೂಳೆಗೆ ಹೊಡೆಯುವ, ದಾರ ಕಟ್ಟಿದ ಸಣ್ಣ ಮೊಳೆಗಳು. 2017ರಲ್ಲಿ ಸರ್ಕಾರ ಸ್ಟೆಂಟಿಗೆ, ಮಂಡಿಯ ಕೃತಕ ಕೀಲಿಗೆ ದರದ ಮಿತಿ ಹಾಕಿದ ಹಾಗೆ ನನ್ನ ಆಂಕರ್‌ಗಳಿಗೆ ಇರಲಿಲ್ಲ. ಬಿಲ್ಲಿನಲ್ಲಿ ಎಂಟು ಇತ್ತು, ಸರ್ಜನ್ ಬರೆದದ್ದು ಏಳು. ಮಗ ಕೇಳಿದ. ಅರ್ಧ ದಿನ ಹುಡುಕಿದ ಮೇಲೆ ಉತ್ತರ ಬಂತು: ಒಂದು ಮೂಳೆಯಲ್ಲಿ ಹಿಡಿಯದೆ ಕಿತ್ತು ಬಂದಿತ್ತು, ಅದರ ಬದಲು ಇನ್ನೊಂದು ಹಾಕಿದ್ದು. ಎಂಟೂ ಸ್ಟಿಕ್ಕರ್ ತೋರಿಸಿದರು. ಸುಳ್ಳೇನೂ ಇರಲಿಲ್ಲ. ಆದರೂ ಕೇಳಿ, ಪ್ರತಿ ಆಂಕರಿನ ಸ್ಟಿಕ್ಕರ್ ಪ್ರತಿ ತೆಗೆದಿಟ್ಟುಕೊಳ್ಳಿ.

ಬಿಡುಗಡೆಯ ದಿನ ಬೆಳಿಗ್ಗೆ 11ಕ್ಕೆ ‘ಹೋಗಬಹುದು’ ಅಂದವರು ಬಿಟ್ಟಿದ್ದು ಸಂಜೆ 6:30ಕ್ಕೆ. ಇನ್ಶೂರೆನ್ಸ್‌ನವರು ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕು ಅಂತ ಇನ್ಶೂರೆನ್ಸ್ ಕಂಪನಿಗಳ ಮೇಲಿನ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆ ಇದೆ. ಮಗ ಅದನ್ನು ಹಿಡಿದು ಜಗಳಕ್ಕೆ ಹೋದ. ಕೊನೆಗೆ ಗೊತ್ತಾಗಿದ್ದು, ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆ ಕೋರಿಕೆ ಕಳಿಸಿದ ಮೇಲೆ, ಅವರು ಕಳಿಸಿದ್ದೇ ಮೂರೂವರೆಗೆ. ಜಗಳ ಆಡುವುದಾದರೆ ಬಿಲ್ಲಿಂಗ್ ಕೌಂಟರಿನಲ್ಲಿ ಆಡಿ.

ಸ್ಲಿಂಗ್ ಅಂದರೆ ಕುತ್ತಿಗೆಗೆ ಕಟ್ಟುವ ಬಟ್ಟೆ ಅಂದುಕೊಂಡಿದ್ದೆ. ಇದು ಪಕ್ಕೆಗೂ ಕೈಗೂ ಮಧ್ಯೆ ದಪ್ಪ ದಿಂಬು ಇರುವಂಥದ್ದು, 4,800 ರೂಪಾಯಿ, ಆರು ವಾರ ಹಗಲೂ ರಾತ್ರಿ. ಅದನ್ನು ಹಾಕಿಕೊಂಡರೆ ಯಾವ ಬಾಗಿಲಲ್ಲೂ ನೇರ ಹೋಗಲು ಆಗುವುದಿಲ್ಲ. ಊರಿಗೆ 400 ಕಿಲೋಮೀಟರ್ ಕಾರಿನಲ್ಲಿ. ಬಲಭುಜದವರು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂರಿ, ಬೆಲ್ಟ್ ಎಡಭುಜದ ಮೇಲೆ ಬರುತ್ತದೆ. ಎಡಭುಜದವರಾದರೆ ಹಿಂದಿನ ಬಲ ಸೀಟು.

ಮನೆಗೆ ಬಂದ ಮೇಲೆ ಅಚ್ಚರಿ ಎಂದರೆ ಭುಜಕ್ಕಿಂತ ತೊಡೆ ಹೆಚ್ಚು ನೋಯಿತು. ಎರಡು ವಾರ ಕುಂಟಿದೆ. ಬಲಗೈಯಲ್ಲಿ ಕೋಲು ಹಿಡಿಯುವ ಹಾಗಿಲ್ಲ, ಎಡಗೈಯಲ್ಲೇ. ಮಲಗಲು ಆಗದೆ ಆರಾಮ ಕುರ್ಚಿಯಲ್ಲಿ ಐದು ವಾರ ನಿದ್ದೆ. ಒಂದೇ ಕೈಯಲ್ಲಿ ಪಂಚೆ ಕಟ್ಟುವುದು ಸಾಧ್ಯವಿಲ್ಲ, ನಾನು ಪ್ರಯತ್ನಪಟ್ಟು ಅಂಗಳದಲ್ಲಿ ಮಾನ ಕಳೆದುಕೊಂಡಿದ್ದೇನೆ. ಎಲಾಸ್ಟಿಕ್ ಪೈಜಾಮ, ಮುಂದೆ ಗುಂಡಿ ಇರುವ ದೊಗಳೆ ಅಂಗಿ ಮೊದಲೇ ತಂದಿಡಿ. ಊಟದ್ದು ಇನ್ನೊಂದು ಕಥೆ. ಎಡಗೈಯಲ್ಲಿ ಉಣ್ಣುವುದು 84 ವರ್ಷದ ಅಮ್ಮನಿಗೆ ಸುತರಾಂ ಆಗಿಬರಲಿಲ್ಲ. ಚಮಚ ಹಿಡಿದರೆ ಪರವಾಗಿಲ್ಲ ಅಂತ ಕೊನೆಗೆ ರಾಜಿ ಆಯಿತು. ಬಾಳೆ ಎಲೆಯ ಮೇಲೆ ಸಾರನ್ನವನ್ನು ಚಮಚದಲ್ಲಿ ಅಟ್ಟಿಸಿಕೊಂಡು ಹೋಗುವುದು ನೋಡಲು ಮಕ್ಕಳಿಗೆ ಮಜಾ.

ಆರು ವಾರದ ಮೇಲೆ ಫಿಸಿಯೋ. ಶಿರಸಿಯಲ್ಲಿ ಒಂದು ಸಲಕ್ಕೆ 400. ಮೊದಲು ಬಗ್ಗಿ ಕೈಯನ್ನು ಗಡಿಯಾರದ ಲೋಲಕದ ಹಾಗೆ ಬಿಡುವುದು, ಆಮೇಲೆ ರಾಟೆಗೆ ಹಗ್ಗ ಹಾಕಿ ಎಡಗೈಯಿಂದ ಬಲಗೈ ಎಳೆಯುವುದು. ಬಾವಿಯ ರಾಟೆ ಮನೆಯಲ್ಲಿ ಬಿದ್ದಿತ್ತು, ಅದನ್ನೇ ತೊಲೆಗೆ ಕಟ್ಟಿದೆ. ಕೈ ತಾನಾಗಿ ಎತ್ತಲು ಬಿಟ್ಟಿದ್ದು 12 ವಾರ ಕಳೆದ ಮೇಲೆ. ಎಂಟನೇ ವಾರ ಒಂದು ದಿನ ಬೀಳುತ್ತಿದ್ದ ತಂಬಿಗೆಯನ್ನು ಫಕ್ಕನೆ ಬಲಗೈಯಲ್ಲಿ ಹಿಡಿದೆ. ಭುಜದಲ್ಲಿ ಚಳಕ್ ಅಂತು. ಪಟ್ಟಿ ಹರಿಯಿತು ಅಂತ ನಾಲ್ಕು ದಿನ ಅನ್ನ ಸೇರಲಿಲ್ಲ. ಹುಬ್ಬಳ್ಳಿಗೆ ಹೋಗಿ ಅಲ್ಟ್ರಾಸೌಂಡ್ ಮಾಡಿಸಿದೆ, ಏನೂ ಆಗಿರಲಿಲ್ಲ. ಪಾಲಿಸಿಯಲ್ಲಿ ಬಿಡುಗಡೆಯ ನಂತರದ ಖರ್ಚು 60 ದಿನದವರೆಗೆ ಮಾತ್ರ ಸಿಗುತ್ತಿತ್ತು. ಫಿಸಿಯೋ ಶುರುವಾಗುವುದೇ ಆರು ವಾರಕ್ಕೆ, ಅಂದರೆ ಸಿಕ್ಕಿದ್ದು ಎರಡು ವಾರದ್ದು. ಉಳಿದ ಐದು ತಿಂಗಳು ನಮ್ಮದೇ.

ಮೇ ತಿಂಗಳಲ್ಲಿ ಕೈ 70 ಡಿಗ್ರಿ, ಬೇಜಾರಾಗಿ ಬಿಟ್ಟುಬಿಡೋಣ ಅನಿಸಿತ್ತು. ಆಗಸ್ಟಿಗೆ 110. ಒಂದು ವರ್ಷದ ಎಂಆರ್‌ಐನಲ್ಲಿ ಪಟ್ಟಿ ಹಿಡಿದುಕೊಂಡಿದೆ, ಸಂದು 8 ಮಿಲಿಮೀಟರ್. ಈಗ ಕೈ 130 ಡಿಗ್ರಿ ಏಳುತ್ತದೆ. ಮೇಲಿನ ಗಳದಿಂದ ಟವೆಲ್ ತೆಗೆಯುತ್ತೇನೆ. ತುಂಬಿದ ಕೊಡ ಭುಜದ ಮಟ್ಟಕ್ಕೆ ಎತ್ತಲಾರೆ. ಹೊರಗೆ ತಿರುಗಿಸುವ ಬಲ ಕಡಿಮೆಯೇ. ತೊಡೆಯ ಗೀರಿನ ಸುತ್ತ ಅಂಗೈ ಅಗಲ ಜಾಗಕ್ಕೆ ಸ್ಪರ್ಶವಿಲ್ಲ. ಆದರೆ ರಾತ್ರಿ ಒಂಬತ್ತೂವರೆಗೆ ಮಲಗಿದರೆ ಐದಕ್ಕೇ ಏಳುವುದು. ಇಷ್ಟಕ್ಕೆ ಒಂದು ಲಕ್ಷ, ಒಂದು ವರ್ಷ ಕೊಟ್ಟದ್ದು ನನಗೆ ಜಾಸ್ತಿ ಅನಿಸುವುದಿಲ್ಲ. ಹೊಲಿಯುವ ಕಾಲ ಮೀರಿದವರಲ್ಲಿ ಡೆಸ್ಕಿನ ಕೆಲಸದವರಿಗೆ, ನೋವು ಕಡಿಮೆ ಇದ್ದವರಿಗೆ ಮೊದಲು ಮೂರು ತಿಂಗಳು ಬರೀ ಫಿಸಿಯೋ ಮಾಡಿ ನೋಡಿ ಅಂತಲೇ ಹೇಳುತ್ತೇನೆ.

ದೋಟಿಯನ್ನು ಅಳಿಯ ಒಯ್ದ. ಸ್ಲಿಂಗ್ ಈಗ ಸಿದ್ದಾಪುರದ ಒಬ್ಬರ ಹತ್ತಿರ ಇದೆ, ಅವರದ್ದೂ ಬಲಭುಜವೇ. ದಿಂಬಿನ ಕವರ್ ಮೂರು ಸಲ ಒಗೆದು ಕೊಟ್ಟಿದ್ದೇನೆ, ಒಂದು ಬಕಲ್ ಸಡಿಲವಾಗಿದ್ದಕ್ಕೆ ನೂಲು ಸುತ್ತಿದ್ದೇನೆ. ಅವರ ಆರು ವಾರ ಶಿವರಾತ್ರಿ ಹೊತ್ತಿಗೆ ಮುಗಿಯುತ್ತದೆ. ಆಮೇಲೆ ಬೇಕಾದವರು ಹೇಳಿ.